ಫ್ಯಾನಿನ ಕೆಳಗೆ ಕೂತರೆ ಡಗ್ಗಾ ಕೇಳಿಸದು

ಹೋದ ಬೇಸಿಗೆಯಲ್ಲಿ ಆಳಂದ ರಸ್ತೆ ಕಡೆಯ ಹುಡುಗನೊಬ್ಬ ಪೆನ್‌ಡ್ರೈವ್ ಹಿಡಿದು ನನ್ನ ಹತ್ತಿರ ಬಂದ. ತತ್ವಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಾನೆ. ಒಳ್ಳೆ ಕಂಠ. ಹೊಸದಾಗಿ ಯಮಾಹಾ ಎಚ್‌ಎಸ್-5 ಮಾನಿಟರ್, ಅಂದರೆ ಮಿಕ್ಸ್ ಮಾಡುವಾಗ ಕೇಳುವ ಸ್ಪೀಕರ್, ಜೋಡಿ ತಂದಿದ್ದ. "ಸರ, ರೂಮ್ನ್ಯಾಗ ಡಗ್ಗಾ ಕೇಳಲ್ಲಂತ ಏರಿಸೀನ್ರಿ. ಕಾರಿನ್ಯಾಗ ಹಚ್ಚಿದ್ರ ಬಾಗಿಲ ನಡಗ್ತಾವ್ರಿ. ಸ್ಪೀಕರ್ ಹಿಂದಿನ ಸ್ವಿಚ್ ಯಾವ ಕಡಿ ಇಡಬೇಕು ಹೇಳ್ರಿ" ಎಂದ. ಡಗ್ಗಾ ಅಂದರೆ ತಬಲಾ ಜೋಡಿಯ ದಪ್ಪ ದನಿಯ ವಾದ್ಯ.

ಸ್ವಿಚ್ ಬಗ್ಗೆ ಆಮೇಲೆ ಹೇಳುತ್ತೇನೆ, ಮೊದಲು ರೂಮ್ ತೋರಿಸು ಎಂದೆ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ. ಛತ್ತೂ ಹತ್ತು ಅಡಿಯೇ. ನೆಲಕ್ಕೆ ಶಹಾಬಾದ್ ಪರಸಿ, ಬೋಳು ಗೋಡೆ. ಟೇಬಲ್ಲು, ಕುರ್ಚಿ ಎರಡೂ ಸರಿಯಾಗಿ ರೂಮಿನ ನಡುವೆ. ಯಾಕೆ ಅಂದರೆ ಫ್ಯಾನ್ ಅಲ್ಲಿದೆ! ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಬೇರೆ ಎಲ್ಲಿ ಕೂರೋದು?

ಸಮಸ್ಯೆ ಇದ್ದದ್ದೇ ಅಲ್ಲಿ. ಎದುರುಬದುರು ಗೋಡೆಗಳ ನಡುವೆ ದಪ್ಪ ಸ್ವರಗಳು (ಬಾಸು) ಹೋಗಿ ಬಂದು ಒಂದರ ಮೇಲೊಂದು ಕೂಡುತ್ತವೆ. ಹತ್ತು ಅಡಿ ಅಂತರಕ್ಕೆ ಹೀಗೆ ನಿಂತುಬಿಡುವ ಮೊದಲ ಸ್ವರ ಸುಮಾರು 56 ಹರ್ಟ್ಸ್, ಅಂದರೆ ಸೆಕೆಂಡಿಗೆ 56 ಕಂಪನ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಮೀಟರಿನಲ್ಲಿ ಅಳೆದ ರೂಮಿನ ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ ಈ ಲೆಕ್ಕ ಬರುತ್ತದೆ. ಹನ್ನೆರಡು ಅಡಿಯ ರೂಮಾದರೆ 47. ಈ ಸ್ವರ ಗೋಡೆಯ ಹತ್ತಿರ ಜೋರಾಗಿ, ನಟ್ಟನಡುವೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಂತೆ ಕೇಳುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮೂರೂ ದಿಕ್ಕಿನ ಪೆಟ್ಟು ಅದೇ ಸ್ವರದ ಮೇಲೆ ಬೀಳುತ್ತದೆ. ಹುಡುಗ ಕೂತಿದ್ದು ಬರೋಬ್ಬರಿ ಆ ಖಾಲಿ ಜಾಗದಲ್ಲಿ. ಡಗ್ಗಾದ ಗುಮ್ಮು, ಕೀಬೋರ್ಡಿನ ಬಾಸು ಕಿವಿಗೆ ಬೀಳದ್ದರಿಂದ ಏರಿಸುತ್ತಾ ಹೋಗಿದ್ದ. ಅವನ ಕಿವಿಯದೂ ತಪ್ಪಲ್ಲ, ಸ್ಪೀಕರಿನದೂ ತಪ್ಪಲ್ಲ.

ನಿಮ್ಮ ರೂಮಿನಲ್ಲೂ ಇದನ್ನು ಪರೀಕ್ಷಿಸಬಹುದು. ಫೋನಿನ ಟೋನ್ ಜನರೇಟರ್ ಆ್ಯಪನ್ನು ಸ್ಪೀಕರಿಗೆ ಜೋಡಿಸಿ 40ರಿಂದ 120 ಹರ್ಟ್ಸ್‌ವರೆಗೆ ಐದೈದರಂತೆ ಏರಿಸಿ. ಸಣ್ಣ ಸದ್ದಿನಲ್ಲೇ ಮಾಡಿ. 40ರ ಹತ್ತಿರ ಇಂಥ ಸಣ್ಣ ಸ್ಪೀಕರಿನ ದನಿಯೇ ತೀರಾ ಕಡಿಮೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಯಾವುದೋ ಒಂದು ಸ್ವರ ತಟ್ಟನೆ ಕಾಣೆಯಾದರೆ ಕೂತಲ್ಲಿಂದ ಎದ್ದು ಎರಡು ಹೆಜ್ಜೆ ಹಿಂದೆ ಮುಂದೆ ಹೋಗಿ ನೋಡಿ. ಅದೇ ಸ್ವರ ಅಲ್ಲಿ ಧಡ್ ಎಂದು ಎದುರಾಗುತ್ತದೆ. ಮೊದಲ ಸಲ ಕೇಳಿದವರು ಬೆಚ್ಚಿಬೀಳುತ್ತಾರೆ.

ಟೇಬಲ್ಲನ್ನು ಒಂದು ಗೋಡೆಯ ಕಡೆ ಸರಿಸಿದೆವು. ಸ್ಪೀಕರಿನ ಬೆನ್ನಿಗೂ ಗೋಡೆಗೂ ನಾಲ್ಕು ಇಂಚು ಬಿಟ್ಟೆವು. ಈ ಸ್ಪೀಕರಿಗೆ ಗಾಳಿಯ ತೂತು ಹಿಂದೆಯೇ ಇದೆ, ಅದನ್ನು ಗೋಡೆಗೆ ಒತ್ತಿ ಮುಚ್ಚಬಾರದು. ಎರಡು ಸ್ಪೀಕರುಗಳ ನಡುವೆ ಮೂರು ಅಡಿ. ಕಿವಿಯಿಂದ ಒಂದೊಂದಕ್ಕೂ ಮೂರು ಅಡಿ. ಹೀಗಾದರೆ ತಲೆ ಎದುರು ಗೋಡೆಯಿಂದ ಮೂರೂಮುಕ್ಕಾಲು ಅಡಿಗೆ ಬರುತ್ತದೆ, ಅಂದರೆ ರೂಮಿನ ನೂರಕ್ಕೆ 38ರ ಆಸುಪಾಸು. ನಮ್ಮ ಕಸುಬಿನವರು ಮೊದಲ ಪ್ರಯತ್ನಕ್ಕೆ ಹಿಡಿಯುವ ಲೆಕ್ಕ ಅದು. ಅಲ್ಲಿಂದ ಒಂದೊಂದು ಗೇಣು ಸರಿಸಿ ಕೇಳಬೇಕು. ಟ್ವೀಟರ್ (ಸ್ಪೀಕರಿನಲ್ಲಿ ತೆಳು ಸ್ವರ ನುಡಿಸುವ ಭಾಗ) ಕಿವಿಯ ಎತ್ತರಕ್ಕೆ ಬರಲಿ ಅಂತ ಕೆಳಗೆ ಇಟ್ಟಿಗೆ, ಅದರ ಮೇಲೆ ದಪ್ಪ ರಬ್ಬರ್ ಇಟ್ಟೆವು.

ಗೋಡೆಗೆ ಅಷ್ಟು ಹತ್ತಿರ ಇಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಸಣ್ಣ ರೂಮಿಗೆ ಇದೇ ವಾಸಿ. ಸ್ಪೀಕರಿನ ಹಿಂದಕ್ಕೆ ಹೋದ ಬಾಸು ಗೋಡೆಗೆ ಬಡಿದು ತಿರುಗಿ ಬರುತ್ತದೆ. ಮೂರು ಅಡಿ ದೂರವಿದ್ದರೆ ವಾಪಸ್ ಬಂದದ್ದು ಸುಮಾರು 95 ಹರ್ಟ್ಸ್ ಹತ್ತಿರ ಮುಂದಿನ ಸದ್ದನ್ನು ತಿಂದುಹಾಕುತ್ತದೆ. ಹಾಡಿನ ಬುಡವೇ ಅಲ್ಲಿರೋದು, ಅಲ್ವಾ? ಕೋನ್‌ನಿಂದ ಗೋಡೆಗೆ ಒಂದೇ ಅಡಿ ಇದ್ದರೆ ಆ ಹಳ್ಳ 280ರ ಆಚೆಈಚೆ ಏರುತ್ತದೆ. ಅಷ್ಟು ಮೇಲೆ ಹೋದರೆ ದಪ್ಪ ಹತ್ತಿಯ ಗಾದಿಯೂ ಅದನ್ನು ತಕ್ಕಮಟ್ಟಿಗೆ ಹೀರುತ್ತದೆ.

ಆದರೆ ಗೋಡೆಯ ಹತ್ತಿರ ಬಾಸು ಉಬ್ಬುತ್ತದೆ, ಹೆಚ್ಚೆಂದರೆ 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ). ಮೂಲೆಯಲ್ಲಿ ಇನ್ನೂ ಜಾಸ್ತಿ, ಹಾಗಾಗಿ ಮೂಲೆಗೆ ಇಡಲೇಬೇಡಿ. ಹಿಂದಿನ ಸ್ವಿಚ್ ಇರುವುದು ಈ ಉಬ್ಬಿಗೆ. ಎಚ್‌ಎಸ್-5ರಲ್ಲಿ ರೂಮ್ ಕಂಟ್ರೋಲ್ ಎಂದು ಬರೆದಿದೆ. ಸೊನ್ನೆ, ಮೈನಸ್ 2, ಮೈನಸ್ 4 ಎಂಬ ಮೂರು ಮೆಟ್ಟಿಲು. 500 ಹರ್ಟ್ಸ್ ಕೆಳಗಿನದನ್ನು ತಗ್ಗಿಸುತ್ತದೆ. ನಾವು ಮೈನಸ್ 2ಕ್ಕೆ ಇಟ್ಟೆವು. ಕಂಠ ಬಿಡಿಸಿ ಕೇಳಿತು. ಮೈನಸ್ 4ಕ್ಕೆ ತೆಳ್ಳಗಾಯಿತು, ವಾಪಸ್ ಬಂದೆವು.

ತೆಳು ಸ್ವರಗಳನ್ನು ಏರಿಸಿ ಇಳಿಸುವ ಪಕ್ಕದ ಹೈ ಟ್ರಿಮ್ ಸ್ವಿಚ್ಚನ್ನು ಮುಟ್ಟಲು ನಾನು ಬಿಡಲಿಲ್ಲ. ರೂಮಿನಲ್ಲಿ ಚಪ್ಪಾಳೆ ಹೊಡೆದರೆ ಝಿಂಗ್ ಎಂದು ಬಾಲ ಬರುತ್ತಿತ್ತು. ಪರಸಿ ಕಲ್ಲು ತನಗೆ ಬಡಿದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ನುಂಗುತ್ತದೆ, ಉಳಿದದ್ದನ್ನೆಲ್ಲ ತಿರುಗಿ ಎಸೆಯುತ್ತದೆ. ಆ ಕರ್ಕಶವನ್ನು ಸ್ವಿಚ್ಚಿನಿಂದ ತಗ್ಗಿಸಿದರೆ ಸ್ಪೀಕರಿನಿಂದ ನೇರ ಬರುವ ತಾಳದ ದನಿಯೂ ಮಂಕಾಗುತ್ತದೆ. ಮೊದಲು ಕಲ್ಲನ್ನು ಮುಚ್ಚಬೇಕು. ನೆಲಕ್ಕೆ ಜಮಖಾನ ಹಾಸಿದೆವು. ಹುಡುಗ ಕೂತಿದ್ದಾಗ ನಾನು ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತಾ ಹೋದೆ. ಅವನಿಗೆ ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆ ಚಾಕ್ ಗುರುತು ಹಾಕಿದೆ. ಗೋಡೆಯಿಂದ ಸಿಡಿಯುವ ಮೊದಲ ಸದ್ದು ಬರುವುದು ಅಲ್ಲಿಂದಲೇ.

"ಆಯಿ ಹೊಲಿದ ಕೌದಿ ಅವ್ರಿ, ನಾಕೈದು" ಎಂದ. ನನಗೆ ಬಹಳ ಖುಷಿಯಾಯಿತು. ಒಂದು ಕೌದಿ ಗೋಡೆಗೆ ಅಂಟಿಸಿದರೆ ಬರೀ ಚುಚ್ಚುವ ಸದ್ದು ಕಡಿಮೆಯಾಗುತ್ತದೆ. ನಾಲ್ಕು ಪದರ ಮಡಚಿ, ಗೋಡೆಯಿಂದ ನಾಲ್ಕು ಇಂಚು ಮುಂದೆ ತೂಗುಬಿಟ್ಟರೆ ಇನ್ನೂ ಕೆಳಗಿನ ಸ್ವರಗಳಿಗೂ ಕೆಲಸ ಮಾಡುತ್ತದೆ. ಹಾಗೇ ಮಾಡಿದೆವು. ಬೆನ್ನ ಹಿಂದಿನ ಗೋಡೆಗೆ ಎರಡು ಹತ್ತಿ ಗಾದಿ ನಿಲ್ಲಿಸಿದೆವು. ಮೊಟ್ಟೆ ಟ್ರೇ ಅಂಟಿಸುವವರಿಗೆ ಕೈಮುಗಿದು ಹೇಳುತ್ತೇನೆ, ಅದು ಬೇಡ. ಬಾಸಿಗೆ ಉಪಯೋಗವಿಲ್ಲ, ಬೆಂಕಿಯ ಭಯ ಬೇರೆ.

ಆಮೇಲೆ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ, ಪರೀಕ್ಷೆಗೆ ಬಳಸುವ ಭುಸ್ ಸದ್ದು) ಹಾಕಿ ಒಂದೊಂದೇ ಸ್ಪೀಕರ್ ಹಚ್ಚಿ ಫೋನಿನ ಡೆಸಿಬೆಲ್ ಆ್ಯಪಿನಲ್ಲಿ ಎರಡೂ ಒಂದೇ ಅಂಕಿ ತೋರುವಂತೆ ಹಿಂದಿನ ಗುಂಡಿ ತಿರುಗಿಸಿದೆವು. ಫೋನಿನ ಅಂಕಿ ನಿಖರ ಇರಲಿಕ್ಕಿಲ್ಲ, ಎರಡನ್ನು ಹೋಲಿಸಲು ಸಾಕು. ಕೈಯಲ್ಲಿ ದುಡ್ಡಿದ್ದರೆ ಅಳತೆಯ ಮೈಕ್ ತನ್ನಿ, ರೂಮ್ ಇಕ್ಯೂ ವಿಜಾರ್ಡ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಗ್ರಾಫಿನಲ್ಲಿ ಗುಡ್ಡ ಕಂಡರೆ ಇಕ್ಯೂನಿಂದ (ಬೇಕಾದ ಸ್ವರಗಳನ್ನಷ್ಟೇ ಏರಿಸಿ ಇಳಿಸುವ ಸಾಧನ) ತಗ್ಗಿಸಬಹುದು. ಹಳ್ಳ ಕಂಡರೆ ತುಂಬಲು ಹೋಗಬೇಡಿ. 10 ಡೆಸಿಬೆಲ್ ಏರಿಸಲು ಆಂಪ್ಲಿಫೈಯರಿನಿಂದ ಹತ್ತು ಪಟ್ಟು ಶಕ್ತಿ ಬೇಕು. ಗೋಡೆ ಅದನ್ನೂ ಅಲ್ಲೇ ಅಳಿಸುತ್ತದೆ. ಅದಕ್ಕೆ ಕುರ್ಚಿಯೇ ಸರಿಯಬೇಕು.

ನಮ್ಮ ಊರಿನ ಬಿಸಿಲಿಗೆ ಈ ಲೆಕ್ಕವೆಲ್ಲ ಬದಲಾಗುತ್ತದಾ ಅಂತಲೂ ಅವನು ಕೇಳಿದ. ಒಳ್ಳೆಯ ಪ್ರಶ್ನೆ. ಗಾಳಿ ಕಾದಷ್ಟೂ ಸದ್ದು ಬೇಗ ಓಡುತ್ತದೆ. ಚಳಿಗಾಲದ 15 ಡಿಗ್ರಿಗೂ ಮೇ ತಿಂಗಳ 42 ಡಿಗ್ರಿಗೂ 56ರ ಆ ಸ್ವರ ಮೂರು ಹರ್ಟ್ಸ್ ಕೂಡ ಅಲುಗುವುದಿಲ್ಲ. ಕೂಲರಿನ ಸದ್ದೇ ದೊಡ್ಡ ತೊಂದರೆ. ಕೇಳುವಾಗ ಹತ್ತು ನಿಮಿಷ ಆರಿಸಬೇಕು.

ವಾರ ಬಿಟ್ಟು ಅದೇ ಪದವನ್ನು ಮತ್ತೆ ಮಿಕ್ಸ್ ಮಾಡಿ ತಂದ. ಡಗ್ಗಾವನ್ನು ತಾನೇ 5 ಡೆಸಿಬೆಲ್ ಇಳಿಸಿದ್ದ. ಕಾರಿನಲ್ಲಿ ಕೂತು ಕೇಳಿದೆವು, ಬಾಗಿಲು ನಡುಗಲಿಲ್ಲ. ಒಂದೇ ತಕರಾರು ಉಳಿದಿತ್ತು: ಕಸ ಗುಡಿಸುವಾಗ ಮನೆಯವರು ಕುರ್ಚಿಯನ್ನು ಮತ್ತೆ ಫ್ಯಾನಿನ ಕೆಳಗೆ ಎಳೆದಿಡುತ್ತಾರಂತೆ. ಕುರ್ಚಿಯ ಕಾಲು ಬರುವ ನಾಲ್ಕು ಕಡೆ ಜಮಖಾನದ ಮೇಲೆ ಬಣ್ಣದ ಟೇಪ್ ಹಚ್ಚು, ಒಂದು ಟೇಬಲ್ ಫ್ಯಾನ್ ತಂದುಕೋ ಎಂದೆ.