ಎಷ್ಟು ಒದ್ದರೂ ನನ್ನ ಕುದುರೆ ಯಾಕೆ ಮುಂದೆ ಹೋಗಲ್ಲ?

ಪ್ರಶ್ನೆ: ಸವಾರಿ ಕಲಿಯೋಕೆ ಶುರು ಮಾಡಿ ನಾಲ್ಕು ತಿಂಗಳಾಯಿತು. ನಾನು ಹತ್ತುವ ಕುದುರೆ ನಡೆಯಬೇಕು ಅಂದರೆ ಹೆಜ್ಜೆ ಹೆಜ್ಜೆಗೂ ಒದೀತಾನೇ ಇರಬೇಕು. ನಾನು ನಿಲ್ಲಿಸಿದ ತಕ್ಷಣ ಅದೂ ನಿಲ್ಲುತ್ತದೆ. ಅದೇ ಕುದುರೆಯನ್ನು ಕಲಿಸುವವರು ಹತ್ತಿದರೆ, ಅವರ ಕಾಲು ಅಲುಗಿದ್ದೂ ಕಾಣಲ್ಲ, ಕುದುರೆ ಹೊರಟೇ ಬಿಡುತ್ತದೆ. ನನ್ನ ಕಾಲಿಗೆ ಶಕ್ತಿ ಸಾಲದಾ?

ಉತ್ತರ: ಸವಾರಿ ಕಲಿಯುವವರಿಂದ ನಾನು ಅತಿ ಹೆಚ್ಚು ಕೇಳಿರುವ ಪ್ರಶ್ನೆ ಇದೇ. ನಿಮ್ಮ ಕಾಲಿಗೆ ಶಕ್ತಿ ಬೇಕಾದಷ್ಟಿದೆ. ತೊಂದರೆ ಇರೋದು ಆ ಕಾಲು ಸುಮ್ಮನಾಗುತ್ತಲೇ ಇಲ್ಲ ಅನ್ನೋದರಲ್ಲಿ.

ಕುದುರೆಯ ಪಕ್ಕೆ ಮೇಲೆ ನೊಣ ಕೂತಾಗ ಒಮ್ಮೆ ಹತ್ತಿರ ನಿಂತು ನೋಡಿ. ನೊಣ ಕೂತ ಜಾಗದಲ್ಲಿ ಮಾತ್ರ ಚರ್ಮ ಥಟ್ಟನೆ ನಡುಗುತ್ತದೆ. ಚರ್ಮದ ಅಡಿಗೇ ಅಂಟಿಕೊಂಡಿರುವ ತೆಳುವಾದ ಸ್ನಾಯುವೊಂದು ಆ ಕೆಲಸ ಮಾಡುತ್ತದೆ. ನೀವು ಕಾಲಿಡುವುದೂ ಹೆಚ್ಚುಕಮ್ಮಿ ಅದೇ ಜಾಗಕ್ಕೆ. 2020ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮನುಷ್ಯರ ಮತ್ತು ಕುದುರೆಗಳ ಹಿಂಭಾಗದ ಚರ್ಮವನ್ನು ಹೋಲಿಸಿ ನೋಡಿದರು. ಹೊರಪದರದಲ್ಲಿ ನೋವು ಗ್ರಹಿಸುವ ನರತುದಿಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಸಿಗಲಿಲ್ಲ. ಅಂದಮೇಲೆ, 'ಕುದುರೆ ಚರ್ಮ ದಪ್ಪ, ಅದಕ್ಕೆ ಏನೂ ಗೊತ್ತಾಗಲ್ಲ' ಅನ್ನೋ ಮಾತನ್ನು ಬಿಟ್ಟುಬಿಡೋಣ. ಅದಕ್ಕೆ ಎಲ್ಲಾ ಗೊತ್ತಾಗುತ್ತದೆ.

ಹಾಗಾದರೆ ಯಾಕೆ ಕೇಳಲ್ಲ? ತಿರುಗುವ ಫ್ಯಾನಿನ ಸದ್ದು ಸ್ವಲ್ಪ ಹೊತ್ತಿಗೆ ನಮ್ಮ ಕಿವಿಗೇ ಬೀಳಲ್ಲ, ಅಲ್ವಾ? ಹೆಜ್ಜೆಗೊಂದು ಒದೆತ ಬೀಳ್ತಾ ಇದ್ದರೆ ಕುದುರೆಗೂ ಹಾಗೇ ಆಗುತ್ತದೆ. ನಡೆದರೂ ಒದೆತ, ನಿಂತರೂ ಒದೆತ. ನಡೆದದ್ದಕ್ಕೆ ಅದಕ್ಕೆ ಸಿಕ್ಕಿದ್ದಾದರೂ ಏನು? ಕುದುರೆ ಕಲಿಯುವುದು ಕಾಲು ಒತ್ತಿದಾಗ ಅಲ್ಲ, ಒತ್ತಿದ ಕಾಲು ಸಡಿಲವಾದಾಗ. ತಾನು ಮುಂದೆ ಹೆಜ್ಜೆ ಇಟ್ಟ ಆ ಗಳಿಗೆಯಲ್ಲೇ ಒತ್ತಡ ಮಾಯವಾದರೆ, 'ಓ, ಇವರು ಕೇಳಿದ್ದು ಇದನ್ನೇ' ಅಂತ ಅದಕ್ಕೆ ಅರ್ಥವಾಗುತ್ತದೆ. ಎರಡು ಮೂರು ಸೆಕೆಂಡು ತಡವಾಗಿ ಬಿಟ್ಟರೆ ಯಾವುದಕ್ಕೆ ಬಿಟ್ಟಿರಿ ಅಂತ ಗೊತ್ತಾಗಲ್ಲ.

ಇದನ್ನು ಓದಿ 'ನಾನು ಬಿಡ್ತೀನಲ್ಲ' ಅಂತ ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ನಾನು ಕಲಿಯುತ್ತಿದ್ದದ್ದು ಒಂದು ಕಂದು ಹೆಣ್ಣುಕುದುರೆ ಮೇಲೆ. ಒಂದು ದಿನ ಕಲಿಸುವವರು ಪಕ್ಕದಲ್ಲೇ ನಡೆದು ಬಂದು, ತಮ್ಮ ಅಂಗೈಯನ್ನು ನನ್ನ ಮೀನಖಂಡಕ್ಕೂ ಕುದುರೆಯ ಪಕ್ಕೆಗೂ ನಡುವೆ ತೂರಿಸಿದರು. 'ಈಗ ಸೂಚನೆ ಕೊಡು' ಅಂದರು. ಒತ್ತಿದೆ. 'ಬಿಡು' ಅಂದರು. ಬಿಟ್ಟೆ. 'ಬಿಡು' ಅಂತ ಮತ್ತೆ ಅಂದರು. ಬಿಟ್ಟಿದ್ದೇನೆ ಅಂದೆ. ಅವರು ಕೈ ಎಳೆದುಕೊಳ್ಳಲು ನೋಡಿದರೆ ಬೆರಳುಗಳು ಸಿಕ್ಕಿಹಾಕಿಕೊಂಡಿದ್ದವು, ಹೊರಗೆ ಬರಲೇ ಇಲ್ಲ. ಇಷ್ಟು ದಿನ ಆ ಪಾಪದ ಪ್ರಾಣಿ ಇದನ್ನೇ ಹೊತ್ತು ನಡೆದಿದೆ ಅಂತ ತಿಳಿದಾಗ ಸಂಕಟವಾಯಿತು. ಇಡೀ ತೊಡೆ ಸಡಿಲ ಮಾಡಿದ ಮೇಲೆಯೇ ಅವರ ಕೈ ಹೊರಗೆ ಬಂದದ್ದು. ನೀವೂ ಯಾರಿಗಾದರೂ ಹೇಳಿ ಈ ಪರೀಕ್ಷೆ ಮಾಡಿಸಿಕೊಳ್ಳಿ. ಕುದುರೆ ನಿಂತಿರುವಾಗ ಮಾಡಿದರೂ ಸಾಕು.

ಬಿಟ್ಟ ಕಾಲು ಎಲ್ಲಿರಬೇಕು? ಕುದುರೆಯಿಂದ ದೂರಕ್ಕೆ ಚಾಚಿಕೊಂಡಿರಬೇಕಿಲ್ಲ. ಒದ್ದೆ ಟವೆಲ್ ಹಗ್ಗದ ಮೇಲೆ ಜೋತುಬಿದ್ದ ಹಾಗೆ ಪಕ್ಕೆಗೆ ತಾಗಿಕೊಂಡು, ಭಾರವಾಗಿ, ಸುಮ್ಮನೆ ಇರಬೇಕು. ಪಕ್ಕದಿಂದ ನೋಡಿದವರಿಗೆ ನಿಮ್ಮ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ ಕಾಣಬೇಕು. ಮಂಡಿಯಲ್ಲಿ ಜೀನನ್ನು ಬಿಗಿಯಾಗಿ ಹಿಡಿದರೆ ಮೀನಖಂಡ ಹಿಂದಕ್ಕೆ ಜಾರುತ್ತದೆ, ಹಿಮ್ಮಡಿ ಮೇಲೇಳುತ್ತದೆ, ಆಮೇಲೆ ಸೂಚನೆ ಕೊಡೋಕೆ ಒದೆಯುವುದು ಬಿಟ್ಟು ಬೇರೆ ದಾರಿನೇ ಉಳಿಯಲ್ಲ. ರಿಕಾಪು, ಅಂದರೆ ಜೀನಿನಿಂದ ಇಳಿಬಿದ್ದ ಪಾದ ಇಡುವ ಬಳೆ, ತೀರಾ ಉದ್ದಕ್ಕಿದ್ದರೂ ಇದೇ ಗತಿ, ಕಾಲ್ಬೆರಳ ತುದಿಯಲ್ಲಿ ಅದನ್ನು ಹುಡುಕಾಡಬೇಕಾಗುತ್ತದೆ. ಹತ್ತುವ ಮೊದಲು ಕೈಬೆರಳ ತುದಿಯನ್ನು ರಿಕಾಪಿನ ಪಟ್ಟಿ ಜೀನಿಗೆ ಸೇರುವ ಜಾಗಕ್ಕೆ ಇಟ್ಟು, ರಿಕಾಪನ್ನು ತೋಳಿನುದ್ದಕ್ಕೆ ಎಳೆದು ನೋಡಿ. ರಿಕಾಪು ಕಂಕುಳಿಗೆ ಬಂದರೆ ಶುರು ಮಾಡೋಕೆ ಸರಿಯಾದ ಅಳತೆ.

ಈಗ ಸೂಚನೆಗೆ ಬರೋಣ. ಕುದುರೆ ನಿಂತಿದೆ, ನಡೆಸಬೇಕು. ಮೊದಲು ಕತ್ತು ಎತ್ತಿ ಮುಂದೆ ನೋಡಿ, ನೆಟ್ಟಗೆ ಕೂತು ಉಸಿರು ತುಂಬಿಕೊಳ್ಳಿ. ಲಗಾಮು ಹಿಡಿದ ಕೈ ಒಂದು ಚೂರು ಮುಂದೆ ಹೋಗಲಿ. ಆಮೇಲೆ ಎರಡೂ ಮೀನಖಂಡಗಳನ್ನು ಗರ್ತ್ ಹತ್ತಿರ, ಅಂದರೆ ಜೀನು ಬಿಗಿಯುವ ಹೊಟ್ಟೆಪಟ್ಟಿಯ ಹತ್ತಿರ, ಒಳಕ್ಕೆ ಒತ್ತಿ. ಎಷ್ಟು? ಮಲಗಿರುವ ಮಗುವಿನ ಭುಜ ಮುಟ್ಟಿ ಎಬ್ಬಿಸ್ತೀವಲ್ಲ, ಅಷ್ಟು. ಹೊರಟಿತಾ? ತಕ್ಷಣ ಕಾಲು ಸಡಿಲ ಬಿಡಿ. ಮುಂದಿನ ಹೆಜ್ಜೆಗಳು ಕುದುರೆಯ ಜವಾಬ್ದಾರಿ, ನಿಮ್ಮದಲ್ಲ.

ಹೊರಡಲಿಲ್ಲ ಅಂದರೆ ಒಂದೆರಡು ಸೆಕೆಂಡು ಬಿಟ್ಟು, ಈ ಸಲ ಜೋರಾಗಿ, ಸ್ಪಷ್ಟವಾಗಿ ಒಂದೇ ಒಂದು ಸಲ ಕೇಳಿ. ಅದಕ್ಕೂ ಕದಲದಿದ್ದರೆ ಕಾಲು ಒತ್ತಿದ ಹಾಗೇ, ಕಾಲಿನ ಸ್ವಲ್ಪ ಹಿಂದೆ ಚಾವಟಿಯಿಂದ ಒಮ್ಮೆ ತಟ್ಟಿ. ಇದು ಹೊಡೆತ ಅಲ್ಲ, ಕೋಪಕ್ಕೆ ಇಲ್ಲಿ ಜಾಗ ಇಲ್ಲ. ಕಾಲು ಹೇಳಿದ್ದನ್ನೇ ಇನ್ನೊಂದು ಸಲ ಹೇಳಿದ ಹಾಗೆ ಅಷ್ಟೇ. ಕುದುರೆ ಜಿಗಿದು, ನಡಿಗೆಗಿಂತ ಚುರುಕಾದ ಓಟವಾದ ಟ್ರಾಟ್‌ಗೇ ಹೋದರೂ ಗಾಬರಿಯಿಂದ ಲಗಾಮು ಎಳೆಯಬೇಡಿ. ಅದು ನಿಮ್ಮ ಮಾತು ಕೇಳಿದೆ. ನಾಲ್ಕಾರು ಹೆಜ್ಜೆ ಹೋಗಲು ಬಿಟ್ಟು, ಕುತ್ತಿಗೆ ಸವರಿ, ನಿಧಾನಕ್ಕೆ ನಿಲ್ಲಿಸಿ.

ಆಮೇಲಿನ ಕೆಲಸವನ್ನೇ ಹೆಚ್ಚಿನವರು ಮರೆಯೋದು. ನಿಲ್ಲಿಸಿದ ಮೇಲೆ ಮತ್ತೆ ಮೊದಲಿನ ಹಾಗೇ, ಮಗುವನ್ನು ಎಬ್ಬಿಸುವಷ್ಟೇ ಮೆತ್ತಗೆ ಕೇಳಬೇಕು. ಈ ಮೆತ್ತನೆ ಸೂಚನೆಗೆ ಅದು ಹೊರಟರೆ ಪಾಠ ಮುಟ್ಟಿತು ಅಂತ. ಈ ಹೆಜ್ಜೆ ಬಿಟ್ಟರೆ 'ಜೋರಾಗಿ ಕೇಳಿದಾಗ ಮಾತ್ರ ಹೋಗಬೇಕು' ಅಂತ ನಾವೇ ಕಲಿಸಿದ ಹಾಗಾಗುತ್ತದೆ. ದಿನಕ್ಕೆ ಹತ್ತು ನಿಮಿಷ, ನಿಲ್ಲು, ನಡೆ, ನಿಲ್ಲು, ನಡೆ, ಇಷ್ಟನ್ನೇ ಮಾಡಿ. ಬೇಜಾರು ಅನಿಸಬಹುದು. ಆದರೆ ನನಗೆ ಗೊತ್ತಿರುವ ಅತ್ಯಂತ ಪ್ರಯೋಜನದ ಅಭ್ಯಾಸ ಇದು.

ಕೈಯ ವಿಷಯವನ್ನು ಒತ್ತಿ ಹೇಳಲೇಬೇಕು. ಒದೆಯುವ ಸವಾರರಲ್ಲಿ ತುಂಬಾ ಜನ ಅದೇ ಹೊತ್ತಿಗೆ ತೋಲ ತಪ್ಪದಿರಲಿ ಅಂತ ಲಗಾಮಿಗೆ ಜೋತುಬಿದ್ದಿರುತ್ತಾರೆ. ಕಾಲು 'ಹೋಗು' ಅನ್ನುತ್ತದೆ, ಬಾಯಲ್ಲಿರುವ ಕಡಿವಾಣ 'ನಿಲ್ಲು' ಅನ್ನುತ್ತದೆ. ಕುದುರೆ ಯಾರ ಮಾತು ಕೇಳಬೇಕು? 19ನೇ ಶತಮಾನದ ಫ್ರೆಂಚ್ ಸವಾರಿ ಗುರು ಫ್ರಾಂಸ್ವಾ ಬೋಶೆ ಕೊನೆಗಾಲದಲ್ಲಿ ತನ್ನ ಪದ್ಧತಿಯನ್ನೇ ತಿದ್ದಿಕೊಂಡು, ಕಾಲು ಮಾತಾಡುವಾಗ ಕೈ ಸುಮ್ಮನಿರಬೇಕು, ಕೈ ಮಾತಾಡುವಾಗ ಕಾಲು ಸುಮ್ಮನಿರಬೇಕು ಎಂಬ ನಿಯಮಕ್ಕೆ ಬಂದು ನಿಂತ. ಪಳಗಿದ ಸವಾರರು ಎರಡನ್ನೂ ಒಟ್ಟಿಗೆ ಬಳಸುವುದುಂಟು. ಆದರೆ ಕಲಿಯುವ ಹಂತದಲ್ಲಿ ಬೋಶೆಯ ನಿಯಮವೇ ಕುದುರೆಗೂ ನಿಮಗೂ ಸುಖ.

ಇದು ಕೈವಶವಾದ ಮೇಲೆ ಸಮಯದ ಕಡೆ ಗಮನ ಕೊಡಿ. ನನಗೆ ಸವಾರಿಯಲ್ಲಿ ಬಲು ಇಷ್ಟದ ಭಾಗ ಇದು. ಯಾರಾದರೂ ಕುದುರೆಯನ್ನು ಹಿಡಿದು ನಡೆಸುತ್ತಿರುವಾಗ ಕಣ್ಣು ಮುಚ್ಚಿ ಕೂತುಕೊಳ್ಳಿ. ಹೊಟ್ಟೆ ತೊಟ್ಟಿಲಿನ ಹಾಗೆ ಎಡಕ್ಕೆ ಬಲಕ್ಕೆ ತೂಗುವುದು ಗೊತ್ತಾಗುತ್ತದೆ. ಅದು ಬಲಕ್ಕೆ ತೂಗಿದಾಗ ನಿಮ್ಮ ಎಡ ಸೊಂಟ ಸ್ವಲ್ಪ ಕೆಳಗಿಳಿಯುತ್ತದೆ, ಎಡಗಾಲು ತಾನಾಗಿಯೇ ಒಳಕ್ಕೆ ವಾಲುತ್ತದೆ. ಸರಿಯಾಗಿ ಆ ಹೊತ್ತಿಗೇ ಕುದುರೆಯ ಎಡ ಹಿಂಗಾಲು ನೆಲ ಬಿಟ್ಟು ಮುಂದೆ ಬರುತ್ತಿರುತ್ತದೆ. ಆಗ ಎಡ ಮೀನಖಂಡ ಒತ್ತಿದರೆ ಆ ಕಾಲು ಇನ್ನೊಂದಿಷ್ಟು ಮುಂದೆ ಬೀಳುತ್ತದೆ. ಭಾರ ಹೊತ್ತು ನೆಲಕ್ಕೆ ಊರಿದ ಕಾಲಿಗೆ 'ಮುಂದೆ ಬಾ' ಅಂದರೆ ಅದು ಬರುವುದಾದರೂ ಹೇಗೆ? ಹೀಗೆ ಎಡ, ಬಲ, ಎಡ, ಬಲ ಅಂತ ಹೊಟ್ಟೆಯ ತೂಗಾಟಕ್ಕೆ ಕಾಲು ಸೇರಿಸಿದರೆ ಮಂಕಾದ ನಡಿಗೆಯೂ ಉದ್ದುದ್ದ ಹೆಜ್ಜೆಯ ನಡಿಗೆಯಾಗುತ್ತದೆ. ನಿಮ್ಮ ಗುರುಗಳ ಕಾಲು ಅಲುಗಿದ್ದು ಕಾಣದಿರೋದಕ್ಕೆ ಇದೂ ಒಂದು ಕಾರಣ.

ಒಂದೊಂದೇ ಕಾಲಿನ ಸೂಚನೆಗಳನ್ನು ಚುಟುಕಾಗಿ ಹೇಳಿಬಿಡ್ತೀನಿ, ಯಾಕೆಂದರೆ ಮೇಲಿನದು ಬಂದರೆ ಅವು ಸಲೀಸು. ಗರ್ತ್ ಹತ್ತಿರದ ಒಳಗಾಲು, ಅಂದರೆ ತಿರುವಿನ ಒಳಬದಿಗಿರುವ ನಿಮ್ಮ ಕಾಲು, ಕುದುರೆಯ ಮೈಯನ್ನು ತಿರುವಿಗೆ ಬಗ್ಗಿಸುತ್ತದೆ. ಅಲ್ಲಿಂದ ಒಂದು ಅಂಗೈಯಷ್ಟು ಹಿಂದೆ ಇಟ್ಟ ಕಾಲು ಹಿಂಭಾಗವನ್ನು ಪಕ್ಕಕ್ಕೆ ಸರಿಸುತ್ತದೆ, ಇಲ್ಲವೇ ಅದು ಹೊರಗೆ ಜಾರದ ಹಾಗೆ ಕಾಯುತ್ತದೆ. ಕ್ಯಾಂಟರ್‌ಗೆ (ಟ್ರಾಟ್‌ಗಿಂತ ವೇಗದ ಓಟಕ್ಕೆ) ಸಾಮಾನ್ಯವಾಗಿ ಹೊರಗಾಲು ಹಿಂದೆ, ಒಳಗಾಲು ಗರ್ತ್ ಹತ್ತಿರ. ಸ್ಪರ್ ಅಂದರೆ ಹಿಮ್ಮಡಿಯ ಮುಳ್ಳು, ಅದನ್ನು ಸದ್ಯಕ್ಕೆ ಮುಟ್ಟಲೇಬೇಡಿ. ಕಾಲು ಅಲುಗದೆ ನಿಲ್ಲುವವರು ಸೂಚನೆಯನ್ನು ಇನ್ನಷ್ಟು ನಾಜೂಕಾಗಿಸಲು ಬಳಸುವ ಸಾಧನ ಅದು, ಸೋಮಾರಿ ಕುದುರೆಗೆ ಮದ್ದಲ್ಲ.

ಸೋಮಾರಿ ಅನ್ನೋ ಪದವನ್ನೂ ನಾನು ಸುಲಭಕ್ಕೆ ಬಳಸಲ್ಲ. ನಿಮ್ಮ ಕುದುರೆ ಬೇರೆಯವರಿಗೆ ಚೆನ್ನಾಗಿ ನಡೆಯುತ್ತದೆ, ಹಾಗಾಗಿ ನೋವಿನ ಅನುಮಾನ ಕಮ್ಮಿ. ಆದರೂ ನಿನ್ನೆ ತನಕ ಚುರುಕಾಗಿದ್ದ ಕುದುರೆ ಇವತ್ತು ಕಾಲಿಗೆ ಉತ್ತರ ಕೊಡದಿದ್ದರೆ, ಕಾಲು ತಾಗಿದ ಕೂಡಲೇ ಕಿವಿ ಹಿಂದೆ ಮಡಚಿ ಬಾಲ ಬೀಸಿದರೆ, ಗರ್ತ್ ಬಿಗಿಯುವಾಗ ಕಚ್ಚಲು ಬಂದರೆ, ದಯವಿಟ್ಟು ಅವತ್ತು ಹತ್ತಬೇಡಿ. ಜೀನು ಬೆನ್ನಿಗೆ ಒತ್ತುತ್ತಿರಬಹುದು, ಗರ್ತ್ ಕೆಳಗೆ ಹುಣ್ಣಾಗಿರಬಹುದು, ಗೊರಸು ನೋಯುತ್ತಿರಬಹುದು, ಹೊಟ್ಟೆಯಲ್ಲಿ ಅಲ್ಸರ್ ಇರಬಹುದು. ಪಶುವೈದ್ಯರಿಗೆ ತೋರಿಸಿ.

ಮುಂದೊಂದು ದಿನ ನಿಮಗೆ ಇದಕ್ಕೆ ತದ್ವಿರುದ್ಧವಾದ, ಮುಟ್ಟಿದರೆ ಓಡುವ ಕುದುರೆ ಸಿಗುತ್ತದೆ. ಆಗ ಎಲ್ಲರೂ ಹೆದರಿ ಎರಡೂ ಕಾಲನ್ನು ಪಕ್ಕೆಯಿಂದ ದೂರ ಹಿಡಿಯುತ್ತಾರೆ. ಹಾಗೆ ಹಿಡಿದ ಕಾಲು ಎಂದಾದರೂ ಒಮ್ಮೆ ಅಕಸ್ಮಾತ್ತಾಗಿ ತಾಗಿಯೇ ತಾಗುತ್ತದೆ, ಕುದುರೆ ಬೆಚ್ಚಿ ಜಿಗಿಯುತ್ತದೆ. ಅದರ ಮೇಲೂ ಕಾಲು ಜೋತುಬಿದ್ದ ಟವೆಲ್ಲಿನ ಹಾಗೇ ಇರಲಿ, ನಡಿಗೆಯಲ್ಲೇ ಒಂದಷ್ಟು ಸುತ್ತು ಹೋಗಿ. ತಾಗಿಕೊಂಡೇ ಇರುವ ಕಾಲು ತನ್ನನ್ನು ಏನೂ ಕೇಳುತ್ತಿಲ್ಲ ಅಂತ ತಿಳಿದ ಮೇಲೆ ಅದು ಕುತ್ತಿಗೆ ಇಳಿಸಿ, ಮೂಗಿನಿಂದ ಬುಸ್ ಅಂತ ಉದ್ದಕ್ಕೆ ಉಸಿರು ಬಿಡುತ್ತದೆ. ಆ ಉಸಿರಿನ ಸದ್ದು ಕೇಳಿಸಿದ ಮೇಲೆ ಟ್ರಾಟ್ ಕೇಳಿ.