ವರ್ಣಮಾಲೆ ಬಾಯಿಪಾಠ, ಓದು ಮಾತ್ರ ಬಾರದು

ಪ್ರಶ್ನೆ: ನನ್ನ ಐದು ವರ್ಷದ ಮಗಳು ವರ್ಣಮಾಲೆಯನ್ನು ಪೂರ್ತಿ ಒಪ್ಪಿಸುತ್ತಾಳೆ. ಆದರೆ ‘ಕಮಲ’ ಎಂದು ಕೂಡಿಸಿ ಓದಲು ಬರುವುದಿಲ್ಲ. ಸದ್ದಿನ ಆಟ ಆಡಿಸಿ ಎನ್ನುತ್ತಾರೆ. ಆಟಕ್ಕೂ ಓದಿಗೂ ಏನು ಸಂಬಂಧ?

ಉತ್ತರ: ವರ್ಣಮಾಲೆಯನ್ನು ಹಾಡಿನಂತೆಯೂ ಒಪ್ಪಿಸಬಹುದು. ಓದಬೇಕಾದರೆ ಮಗುವಿಗೆ ಇನ್ನೊಂದು ವಿಷಯ ಹೊಳೆಯಬೇಕು: ಒಂದೇ ಉಸಿರಿನಲ್ಲಿ ಹೊರಡುವ ಮಾತನ್ನು ತುಂಡು ಮಾಡಬಹುದು, ಹಾಳೆಯ ಮೇಲೆ ಕುಳಿತಿರುವುದು ಆ ತುಂಡುಗಳೇ. ‘ರೈಲು’, ‘ಇರುವೆ’ ಇವೆರಡರಲ್ಲಿ ಯಾವುದು ಉದ್ದದ ಪದ ಎಂದು ಕೇಳಿ ನೋಡಿ. ರೈಲು ಎಂದರೆ ಆಶ್ಚರ್ಯಪಡಬೇಡಿ. ಅವಳ ಕಣ್ಣ ಮುಂದಿರುವುದು ಬೋಗಿಗಳು, ಸದ್ದಲ್ಲ.

ತುಂಡುಗಳಲ್ಲೂ ದೊಡ್ಡವು, ಚಿಕ್ಕವು ಇವೆ. 1974ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಪದದ ತುಂಡುಗಳಿಗೆ ತಕ್ಕಂತೆ ಮೇಜು ಕುಟ್ಟಲು ಮಕ್ಕಳಿಗೆ ಹೇಳಿದ್ದರು. ನಾಲ್ಕು ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಉಚ್ಚಾರಾಂಶಗಳನ್ನು, ಅಂದರೆ ಕ-ಮ-ಲ ಎಂಬಂತೆ ಒಂದೊಂದೇ ಬಾರಿಗೆ ನುಡಿಯುವ ತುಂಡುಗಳನ್ನು, ಎಣಿಸಿದರು. ಬಿಡಿ ಧ್ವನಿಗಳನ್ನು ಎಣಿಸಲು ಒಬ್ಬರಿಂದಲೂ ಆಗಲಿಲ್ಲ. ಕನ್ನಡದ ಮಗುವಿಗೆ ಮೊದಲ ಹೆಜ್ಜೆ ಸುಲಭ, ಏಕೆಂದರೆ ನಮ್ಮ ಅಕ್ಷರ ಹೆಚ್ಚುಕಡಿಮೆ ಒಂದು ಉಚ್ಚಾರಾಂಶ. ಆದರೆ ‘ಕಿ’ಯೊಳಗೆ ‘ಕ್’ ಮತ್ತು ‘ಇ’ ಅಡಗಿವೆ ಎಂಬುದು ತಡವಾಗಿಯೇ ತಿಳಿಯುತ್ತದೆ. ಕಾಗುಣಿತ ಇರುವುದೇ ಅದಕ್ಕೆ. ನಾವೋ ಅದನ್ನೂ ರಾಗವಾಗಿ ಹಾಡಿಸಿ ಮುಗಿಸುತ್ತೇವೆ.

ಧ್ವನಿಯ ಅರಿವಿನಿಂದ ಓದು ಬರುತ್ತದೆಯೋ, ಓದಿನಿಂದ ಅರಿವೋ? ಎರಡೂ ನಿಜ. 1979ರಲ್ಲಿ ಪೋರ್ಚುಗಲ್‌ನ ಅನಕ್ಷರಸ್ಥ ವಯಸ್ಕರನ್ನು ಪರೀಕ್ಷಿಸಿದಾಗ, ಪದದ ಮೊದಲ ಧ್ವನಿಯನ್ನು ತೆಗೆದು ಹೇಳುವುದು ಅವರಿಗೆ ಬಹಳ ಕಷ್ಟವಾಯಿತು. ದೊಡ್ಡವರಾದ ಮೇಲೆ ಓದಲು ಕಲಿತವರು ಎಷ್ಟೋ ಮೇಲಾಗಿದ್ದರು. ಇನ್ನೊಂದು ಕಡೆ, 1983ರ ಬ್ರಿಟನ್ನಿನ ಅಧ್ಯಯನದಲ್ಲಿ ಪದಗಳನ್ನು ಸದ್ದಿನ ಪ್ರಕಾರ ಗುಂಪು ಮಾಡಲು ಕಲಿತ ಮಕ್ಕಳ ಓದು ಸುಧಾರಿಸಿತು. ಎಲ್ಲರಿಗಿಂತ ಮುಂದೆ ಹೋದವರು ಸದ್ದಿನ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಜೋಡಿಸಿದವರು. ಹಾಗಾಗಿ ಬರೀ ಬಾಯಿಯ ಆಟ ಸಾಲದು, ಅಕ್ಷರವೂ ಕಣ್ಣ ಮುಂದಿರಲಿ.

‘ಮರ, ಮನೆ, ತಲೆ’ ಇವುಗಳಲ್ಲಿ ಯಾವುದರ ಮೊದಲ ಸದ್ದು ಬೇರೆ ಎಂದು ಕೇಳಿ. ‘ಕಮಲ’ದಿಂದ ‘ಕ’ ತೆಗೆದರೆ ಉಳಿಯುವುದೇನು ಎಂದೂ ಕೇಳಬಹುದು. ಉತ್ತರಕ್ಕೆ ಅವಳು ನಕ್ಕರೆ ನಗಲಿ, ನಕ್ಕಳೆಂದರೆ ತುಂಡು ಕೇಳಿಸಿತೆಂದೇ ಅರ್ಥ.

ಮುಂದೆ ಒತ್ತಕ್ಷರ ಬಂದಾಗ ಅವಳು ‘ಚಪ್ಪಲಿ’ಯನ್ನು ‘ಚಪಲಿ’ ಎಂದು ಬರೆದರೆ ಗದರಬೇಡಿ. ನಾಲಿಗೆ ಹೇಳುವುದು ಚಪ್-ಪ-ಲಿ, ಹಾಳೆ ತೋರಿಸುವುದು ಚ-ಪ್ಪ-ಲಿ. ನಿಧಾನವಾಗಿ ಹೇಳಿಸಿ, ‘ಚಪ್’ ಎನ್ನುವಾಗ ತುಟಿ ಒಂದು ಕ್ಷಣ ಮುಚ್ಚಿಕೊಂಡೇ ಇರುತ್ತದೆಯಲ್ಲ, ಅದನ್ನು ಕನ್ನಡಿಯಲ್ಲಿ ತೋರಿಸಿ.