ಮಳೆಯನ್ನು ಬೈಯಬೇಡಿ, ಗುಡ್ಡ ನೋಡಿ

2020ರ ಜುಲೈ. ಮೂಡಿಗೆರೆ ಕಡೆಯ ನಮ್ಮ ಊರಲ್ಲಿ ಮೂರು ದಿನದಿಂದ ಬಿಡದೆ ಮಳೆ. ನಾನು ಹಾಸನದಲ್ಲಿ ಬಿಎಸ್ಸಿ ಓದುತ್ತಿದ್ದೆ. ಹಾಸ್ಟೆಲ್ ಮುಚ್ಚಿ ಆಗಲೇ ನಾಲ್ಕು ತಿಂಗಳಾಗಿತ್ತು. ಕಾಫಿ ಕಣದ ಮೂಲೆಯಲ್ಲಿ ಛತ್ರಿ ಹಿಡಿದು ನಿಂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದೆ. ಮೇಷ್ಟ್ರ ದನಿ ಚೆನ್ನಾಗಿಯೇ ಬರುತ್ತಿತ್ತು. ಹಾಜರಿ ಕರೆದರು. "ಪ್ರೆಸೆಂಟ್ ಸರ್" ಎಂದೆ. ಮತ್ತೊಮ್ಮೆ ಎಂದೆ. ಮೂರನೇ ಸಲ ಕೂಗಿದ್ದಕ್ಕೆ ತೋಟದಲ್ಲಿದ್ದ ಆಳುಗಳೆಲ್ಲ ತಿರುಗಿ ನೋಡಿದರು. ಮೇಷ್ಟ್ರಿಗೆ ಮಾತ್ರ ಕೇಳಲಿಲ್ಲ. ಆಬ್ಸೆಂಟ್ ಬಿತ್ತು.

"ಮಳೆಗೆ ಟವರ್ ಹೋಗಿರುತ್ತೆ ಬಿಡು ಮಗಾ" ಎಂದರು ಅಜ್ಜ. ಟವರ್ ಹೋಗಿದ್ದರೆ ಮೇಷ್ಟ್ರ ದನಿ ನನಗೆ ಹೇಗೆ ಬಂತು? ಅವತ್ತಿನಿಂದ ನನಗೆ ಈ ಸಿಗ್ನಲ್ ಹುಚ್ಚು ಹಿಡಿಯಿತು.

ಮಲೆನಾಡಿನಲ್ಲಿ ಎಲ್ಲರೂ ಮಳೆಯನ್ನೇ ದೂರುವುದಕ್ಕೆ ಒಂದು ಕಾರಣ ಇದೆ. ಜೋರು ಮಳೆ ಬಂದರೆ ಟಿವಿಯ ಡಿಶ್ ನಿಂತುಹೋಗುತ್ತದೆ. ಅದನ್ನು ನಾವೆಲ್ಲ ನೋಡಿದ್ದೇವೆ. ಹಾಗಾದರೆ ಮೊಬೈಲಿಗೂ ಅದೇ ಗತಿ ಎಂದುಕೊಳ್ಳುತ್ತೇವೆ. ಆದರೆ ಡಿಶ್‌ಗೆ ಬರುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಮೊಬೈಲಿನ 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. 2300 ಮೆಗಾಹರ್ಟ್ಸ್ ಅಲೆಯದು 13. ಮಳೆಹನಿಯೋ ಕೆಲವೇ ಮಿಲಿಮೀಟರ್. ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಗಿಡಗಳ ಸಾಲು ಮೊಲಕ್ಕೆ ದೊಡ್ಡ ಬೇಲಿ. ಆನೆ ಅದನ್ನು ಲೆಕ್ಕಕ್ಕೇ ಇಡದೆ ನಡೆದುಹೋಗುತ್ತದೆ. ಡಿಶ್‌ನ ಅಲೆ ಮೊಲ, ಮೊಬೈಲಿನ ಅಲೆ ಆನೆ.

ಮಳೆಯಲ್ಲಿ ಸಿಗ್ನಲ್ ಹೋಗುವುದು ಸುಳ್ಳಲ್ಲ. ಆದರೆ ದಾರಿ ಬೇರೆ. ಮರ ಬಿದ್ದು ಕರೆಂಟು ಹೋಗುತ್ತದೆ. ಟವರಿನ ಬ್ಯಾಟರಿ ಕೆಲವು ಗಂಟೆ ಎಳೆದು ಕೈಬಿಡುತ್ತದೆ. ಇನ್ನು ಕೆಲವು ಟವರ್‌ಗಳು ಪಕ್ಕದ ಟವರಿನ ಜೊತೆ ಮಾತಾಡುವುದು ಡಿಶ್‌ನಂಥದೇ ಚಿಕ್ಕ ಅಲೆಯಲ್ಲಿ. ಆ ಕೊಂಡಿಗೆ ಜಡಿಮಳೆ ನಿಜಕ್ಕೂ ಕಾಟ ಕೊಡುತ್ತದೆ.

ಇಷ್ಟೆಲ್ಲ ಅರ್ಥವಾಗಲು ಒಂದೇ ಒಂದು ವಿಷಯ ಗೊತ್ತಿದ್ದರೆ ಸಾಕು. ಸಿಗ್ನಲ್ ಅಂದರೆ ಬೆಳಕು. ನಮ್ಮ ಕಣ್ಣಿಗೆ ಕಾಣದಷ್ಟು ಉದ್ದ ಅಲೆಯ ಬೆಳಕು, ಅಷ್ಟೇ. ಸ್ಕಾಟ್ಲೆಂಡಿನ ವಿಜ್ಞಾನಿ ಮ್ಯಾಕ್ಸ್‌ವೆಲ್ 1865ರಲ್ಲಿ ಇದನ್ನು ಬರೀ ಲೆಕ್ಕದಲ್ಲಿ ಕಂಡುಕೊಂಡರು. ಇಪ್ಪತ್ತು ವರ್ಷ ಕಳೆದ ಮೇಲೆ ಜರ್ಮನಿಯ ವಿಜ್ಞಾನಿ ಹರ್ಟ್ಸ್ ಪ್ರಯೋಗ ಮಾಡಿ ತೋರಿಸಿದರು. 1895ರಲ್ಲಿ ಕಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ಇಂಥ ಅಲೆಯನ್ನು ಗೋಡೆ ದಾಟಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. ಜನ ನೋಡುತ್ತಿದ್ದ ಹಾಗೆಯೇ! ನನಗೆ ಈಗಲೂ ಅದನ್ನು ನೆನೆದರೆ ಮೈ ಜುಂ ಅನ್ನುತ್ತದೆ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇದೆ. ನಮ್ಮ ಜನ ಎಂಸಿಎಫ್ ಅನ್ನುತ್ತಾರೆ. 1982ರಿಂದ ಅದು 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳ ಜೊತೆ ಹಗಲೂ ರಾತ್ರಿ ಮಾತಾಡುತ್ತಿದೆ. ದೂರದಿಂದ ಪಾಠ ಮಾಡುವುದೂ ನಮಗೆ ಹೊಸದೇನಲ್ಲ. 1975ರಲ್ಲೇ ಒಂದು ಅಮೆರಿಕನ್ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ಹೋಗಿತ್ತು. ಕರ್ನಾಟಕವೂ ಅದರಲ್ಲಿತ್ತು. ಪಾಠಕ್ಕೆಂದೇ ಎಜುಸ್ಯಾಟ್ ಹಾರಿದ್ದು 2004ರ ಸೆಪ್ಟೆಂಬರ್ 20ಕ್ಕೆ. 36 ಸಾವಿರ ಕಿಲೋಮೀಟರ್ ಆಚೆಯ ಉಪಗ್ರಹ ಹಾಸನಕ್ಕೆ ಕೇಳುತ್ತದೆ, ನಾಲ್ಕು ಕಿಲೋಮೀಟರ್ ಆಚೆಯ ಟವರ್ ನನ್ನ ಮನೆಗೆ ಕೇಳುವುದಿಲ್ಲ. ಏಕೆ? ಎಂಸಿಎಫ್‌ನ ದೊಡ್ಡ ಡಿಶ್‌ಗೂ ಉಪಗ್ರಹಕ್ಕೂ ನಡುವೆ ಏನೂ ಅಡ್ಡ ಇಲ್ಲ. ನನಗೂ ಟವರಿಗೂ ನಡುವೆ ಒಂದು ಗುಡ್ಡ ಇದೆ.

ಗುಡ್ಡದ ಮರೆಯ ಊರಿಗೆ ಬೆಳಿಗ್ಗೆ ಬಿಸಿಲು ತಡವಾಗಿ ಬರುತ್ತದೆ ಅಲ್ವಾ? ಸಿಗ್ನಲ್‌ಗೂ ಹಾಗೇ ನೆರಳು ಬೀಳುತ್ತದೆ. ಒಂದು ವ್ಯತ್ಯಾಸ ಇದೆ. ಉದ್ದದ ಅಲೆ ಅಂಚಿನಲ್ಲಿ ಸ್ವಲ್ಪ ಬಾಗಿ ನೆರಳಿನೊಳಗೆ ಇಳಿಯುತ್ತದೆ. ಕೆರೆಯಲ್ಲಿ ನೆಟ್ಟ ಗೂಟವನ್ನು ಅಲೆ ಸುತ್ತಿಕೊಂಡು ಹೋಗುವ ಹಾಗೆ. 33 ಸೆಂಟಿಮೀಟರಿನದು ಜಾಸ್ತಿ ಬಾಗುತ್ತದೆ, 13ರದ್ದು ಕಮ್ಮಿ. "ಫೋನ್ ಬರುತ್ತೆ, ನೆಟ್ ಬರಲ್ಲ" ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ.

ಈಗ ನನ್ನ ಆಬ್ಸೆಂಟ್ ವಿಷಯ. ಬೆಳಕು ಎರಡೂ ಕಡೆ ಹೋಗಬೇಕು. ಟವರಿನ ದೀಪ 20 ವ್ಯಾಟ್, ಕೆಲವೊಮ್ಮೆ ಅದಕ್ಕೂ ಹೆಚ್ಚು. ನನ್ನ 4ಜಿ ಫೋನಿನ ದೀಪ ಎಷ್ಟು ಉರಿದರೂ ಸುಮಾರು 0.2 ವ್ಯಾಟ್. ಒಂದು ಕಡೆ ಜೀಪಿನ ಹೆಡ್‌ಲೈಟ್, ಇನ್ನೊಂದು ಕಡೆ ಮಿಣುಕುಹುಳ. ಅಥವಾ ಜಾತ್ರೆಯನ್ನು ನೆನಪಿಸಿಕೊಳ್ಳಿ. ಮೈಕಿನಲ್ಲಿ ಕೂಗಿದ್ದು ಇಡೀ ಮೈದಾನಕ್ಕೆ ಕೇಳುತ್ತದೆ. ಹಿಂದಿನ ಸಾಲಿನಲ್ಲಿ ನಿಂತವನ ಉತ್ತರ ವೇದಿಕೆಗೆ ಮುಟ್ಟುವುದೇ ಇಲ್ಲ. ಟವರಿನ ಕಿವಿ ಬಹಳ ಚುರುಕು, ಆದರೂ ಗುಡ್ಡದ ಮರೆಯಿಂದ ಬರುವ ಪಿಸುಮಾತಿಗೆ ಅದಕ್ಕೂ ಒಂದು ಮಿತಿ ಇದೆ. ಪರದೆಯ ಮೇಲೆ ಕಾಣುವ ಕಡ್ಡಿಗಳು ಟವರ್ ನಮಗೆಷ್ಟು ಕೇಳುತ್ತಿದೆ ಎಂಬುದನ್ನಷ್ಟೇ ತೋರಿಸುತ್ತವೆ. ನಾವು ಟವರಿಗೆ ಕೇಳುತ್ತಿದ್ದೇವೆಯೇ ಎಂಬುದನ್ನು ಅವು ಹೇಳುವುದೇ ಇಲ್ಲ. ಎರಡು ಕಡ್ಡಿ ಇತ್ತು ಸರ್, ಆದರೂ ಹೀಗಾಯ್ತು ಎನ್ನುವ ಹುಡುಗರು ಸುಳ್ಳು ಹೇಳುತ್ತಿಲ್ಲ. ಮೇಷ್ಟ್ರುಗಳು ದಯವಿಟ್ಟು ಇದನ್ನು ನಂಬಬೇಕು.

ಮೂಲೆಯಲ್ಲಿ ಕೂತರೆ ಫೋನ್ ಬಿಸಿಯಾಗಿ ಬ್ಯಾಟರಿ ಬೇಗ ಇಳಿಯುವುದೂ ಇದರಿಂದಲೇ. ಕೇಳಿಸುತ್ತಿಲ್ಲ ಎಂದು ಟವರ್ ಹೇಳಿದಷ್ಟೂ ಫೋನ್ ತನ್ನ ದನಿ ಏರಿಸುತ್ತದೆ. ಅದನ್ನು ಕಂಡು ಜನ ಏನೇನೋ ಹೆದರಿಕೆ ಕಟ್ಟಿಕೊಂಡರು. 2021ರ ಬೇಸಿಗೆಯಲ್ಲಿ 5ಜಿಯಿಂದ ಕೊರೊನಾ ಬರುತ್ತದೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಹರಿದಾಡಿತು. ದೇಶದಲ್ಲಿ 5ಜಿ ಶುರುವಾಗಿದ್ದೇ 2022ರ ಅಕ್ಟೋಬರ್ 1ಕ್ಕೆ! ಈ ಅಲೆಗೆ ಒಂದು ಅಣುವಿನಿಂದ ಎಲೆಕ್ಟ್ರಾನ್ ಕೀಳುವ ಕಸುವೂ ಇಲ್ಲ, ವೈರಸ್ ಹೊತ್ತು ತರುವ ಮಾತು ಎಲ್ಲಿಂದ ಬಂತು? ಟವರ್ ಬೇಡ ಎಂದು ಹಟ ಹಿಡಿದರೆ ಆಗುವುದು ಒಂದೇ. ದೂರದ ಟವರಿಗೆ ಕೂಗಲು ನಮ್ಮ ಕಿವಿಗೆ ಒತ್ತಿಕೊಂಡ ಫೋನೇ ಇನ್ನೂ ಜೋರಾಗಿ ಉರಿಯುತ್ತದೆ. ಸಿಗ್ನಲ್ ಹೆಚ್ಚಿಸುವ ಸ್ಟಿಕ್ಕರ್ ಎಂದು ಫೋನಿನ ಹಿಂದೆ ಅಂಟಿಸಿಕೊಂಡವರನ್ನೂ ನೋಡಿದ್ದೇನೆ. ದುಡ್ಡು ದಂಡ.

ನನಗೆ ಉಪಯೋಗಕ್ಕೆ ಬಂದದ್ದು ಬೇರೆ. ಹಾಜರಿಯನ್ನು ಚಾಟ್‌ನಲ್ಲಿ ಟೈಪ್ ಮಾಡತೊಡಗಿದೆ. ಮಾತಿನ ಒಂದು ತುಣುಕು ದಾರಿಯಲ್ಲಿ ಕಳೆದರೆ ಕಳೆದಂತೆಯೇ. ತಡವಾಗಿ ಬಂದ ಪದದಿಂದ ಯಾರಿಗೂ ಪ್ರಯೋಜನ ಇಲ್ಲ. ಚಾಟ್ ಹಾಗಲ್ಲ. ಅದು ಹಿಂದೆ ಇದ್ದ ರಿಜಿಸ್ಟರ್ಡ್ ಪೋಸ್ಟಿನ ಹಾಗೆ. ಮುಟ್ಟಿತು ಎಂಬ ಉತ್ತರ ಬರುವ ತನಕ ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ವಿಡಿಯೊ ಪೂರ್ತಿ ಬಂದ್ ಮಾಡಿದೆ. ದನಿಗೆ ಬೇಕಾದ್ದಕ್ಕಿಂತ ಹತ್ತಿಪ್ಪತ್ತು ಪಟ್ಟು ಡೇಟಾ ಅದಕ್ಕೆ ಬೇಕು. ಕ್ಲಾಸಿನ ನಡುವೆ ದನಿ ಒಡೆದರೆ ತೋಟದ ತುದಿಗೆ ಓಡದೆ ಫೋನನ್ನು ಅರ್ಧ ಗೇಣು ಪಕ್ಕಕ್ಕೆ ಸರಿಸಿ ನೋಡಿದೆ. ಗುಡ್ಡದ ಅಂಚಿನಲ್ಲಿ ಬಾಗಿ ಬಂದ ಅಲೆಯೂ ಬೇರೆ ಗುಡ್ಡಕ್ಕೆ ಬಡಿದು ಬಂದ ಅಲೆಯೂ ಒಂದು ಜಾಗದಲ್ಲಿ ಪರಸ್ಪರ ಅಳಿಸಿಕೊಂಡರೆ, ಅರ್ಧ ಗೇಣು ಆಚೆ ಕೂಡಿಕೊಂಡಿರಬಹುದು. ಎಷ್ಟೋ ಸಲ ಅಷ್ಟೇ ಸಾಕಾಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಉಪಾಯ ಸಿಕ್ಕಿದ್ದು ರಾತ್ರಿ ಹೊತ್ತು. ಟವರಿನ ತುದಿಯಲ್ಲಿ ಕೆಂಪು ದೀಪ ಇರುತ್ತದೆ. ಅದು ಕಂಡಲ್ಲಿಂದ ಸಿಗ್ನಲ್ ಕೂಡ ಕಾಣುತ್ತದೆ, ಎರಡೂ ಬೆಳಕೇ ಅಲ್ವಾ? ಅಂಗಳದಲ್ಲಿ ಕಾಣಲಿಲ್ಲ. ಜಗಲಿಯಲ್ಲಿ ಇಲ್ಲ. ದನದ ಕೊಟ್ಟಿಗೆಗೆ ತಗಡಿನ ಶೀಟು, ಅದು ಅಲೆಯನ್ನು ಕನ್ನಡಿಯ ಹಾಗೆ ವಾಪಸ್ ಕಳಿಸುತ್ತದೆ. ಕೊನೆಗೆ ಅಟ್ಟದ ಸಣ್ಣ ಕಿಟಕಿಯಿಂದ, ಗುಡ್ಡದ ತಗ್ಗಿನಲ್ಲಿ, ಸಿಲ್ವರ್ ಮರಗಳ ಸಂದಿಯಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಅಮ್ಮನ ಫೋನನ್ನು ಆ ಕಿಟಕಿಗೆ ಕಟ್ಟಿ ಹಾಟ್‌ಸ್ಪಾಟ್ ಹಾಕಿದೆ. ನಾನು ಕೆಳಗೆ ಒಲೆಯ ಪಕ್ಕ ಬೆಚ್ಚಗೆ ಕೂತು ಆ ಸೆಮಿಸ್ಟರ್ ಮುಗಿಸಿದೆ. ಮಳೆಯಲ್ಲಿ ನೆಂದ ಎಲೆಗಳು ಮಾತ್ರ ಒಂದಿಷ್ಟು ಅಲೆ ಕುಡಿದುಬಿಡುತ್ತಿದ್ದವು. ಮುಂದಿನ ವರ್ಷ ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮುಗಿದ ಮಾರನೆಯ ದಿನ ನೋಡಿದರೆ ಒಂದು ಕಡ್ಡಿ ಜಾಸ್ತಿ ಬಂದಿತ್ತು.